ಇವರ ಕೆಳತುಟಿ ಜೋಮು ಹಿಡಿದ ವರ್ಷ

ಮೊನ್ನೆ ತವರಿಗೆ, ಸುಗಟೂರಿಗೆ ಹೋಗಿದ್ದೆ. ತಮ್ಮನ ಮಗ ಮಂಜುನಾಥ ಹೊಸ ರೇಷ್ಮೆ ಹುಳು ತರುವ ಮುಂಚೆ ಹುಳುಮನೆ ತೊಳೆಯುವ ಕೆಲಸದಲ್ಲಿದ್ದ. ತಟ್ಟೆ, ಹುಳ ಗೂಡು ಕಟ್ಟುವ ಚಂದ್ರಿಕೆ ಎಲ್ಲ ಅಂಗಳಕ್ಕೆ ಎಳೆದುಹಾಕಿ, ಬಾಯಿಗೆ ಟವೆಲ್ ಸುತ್ತಿಕೊಂಡು, ರೋಗದ ಕ್ರಿಮಿ ಸಾಯಲೆಂದು ಗೋಡೆಗೆ ಫಾರ್ಮಲಿನ್ ಹೊಡೆಯುತ್ತಿದ್ದ. "ಅತ್ತೇ, ಆ ಕಡೆ ಹೋಗು, ಕಣ್ಣು ಉರೀತದೆ" ಅಂತ ಒಳಗಿನಿಂದಲೇ ಕೂಗಿದ. ಉರಿಯುತ್ತದೆ ಅಂತ ನನಗೆ ಇವನು ಹೇಳಿಕೊಡಬೇಕೇ! ನಾನು ಹುಟ್ಟಿದ್ದೇ ಈ ವಾಸನೆಯ ಪಕ್ಕದ ಕೋಣೆಯಲ್ಲಿ. ಆದರೂ ಈಗ ಆ ವಾಸನೆ ಮೂಗಿಗೆ ಬಿದ್ದರೆ ನನ್ನ ಕೈ ತಾನಾಗಿಯೇ ಕೆಳತುಟಿಗೆ ಹೋಗುತ್ತದೆ. ಮುಟ್ಟಿದ್ದು ಗೊತ್ತಾಗುತ್ತದೆಯೇ ಅಂತ ಒಂದು ಸಲ ನೋಡಿಕೊಂಡು ಆಮೇಲೆ ಉಸಿರು ಬಿಡುತ್ತೇನೆ.

ನಮ್ಮ ಯಜಮಾನರು ತಮ್ಮ ಆಯಸ್ಸಿನ ಉಳಿದರ್ಧವನ್ನು ಇದೇ ಹುಳುಮನೆಯಲ್ಲಿ ಕಳೆದು ಹೋದರು. ಯಾರಾದರೂ ಬಂದವರು "ಸೊಪ್ಪು ಹಾಕೋದ್ರಲ್ಲಿ ಚಂಗಲರಾಯಪ್ಪನ ಕೈ ಕೈಯಪ್ಪಾ" ಅಂತ ಹೊಗಳಿದರೆ ನನಗೆ ಮೈಯೆಲ್ಲ ಉರಿಯೋದು. ಅದು ಸೊಪ್ಪು ಹಾಕುವುದಕ್ಕೆ ಇದ್ದ ಕೈಯಲ್ಲ. ಆವನಿ ದೇವಸ್ಥಾನದಲ್ಲಿ ಬೆಳಗಿನ ಬಾಗಿಲು ತೆಗೆಯುವ ಹೊತ್ತಿಗೆ ನಾಗಸ್ವರ ಹಿಡಿಯುತ್ತಿದ್ದ ಕೈ. ಅದು ಅಲ್ಲಿಂದ ಇಲ್ಲಿಗೆ ಹೇಗೆ ಬಂತು ಅನ್ನುವುದು ಮಂಜುನಾಥನಿಗೂ ಸರಿಯಾಗಿ ಗೊತ್ತಿಲ್ಲ. ಒಂದು ಹಲ್ಲಿನಿಂದ ಆದದ್ದು ಅದು. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಆ ವರ್ಷದ ಸಂಕ್ರಾಂತಿಗೆ ಶುರುವಾಗಿ ಯುಗಾದಿಗೆ ಮುಗಿದುಹೋಯಿತು.

ನಮ್ಮದು ಎರಡೂ ಕಡೆ ಓಲಗದ ಮನೆತನವೇ. ಆದರೆ ನಮ್ಮಪ್ಪ ವಯಸ್ಸಿನಲ್ಲೇ ಓಲಗ ಬಿಟ್ಟು ಹಿಪ್ಪುನೇರಳೆ ಹಿಡಿದವನು. "ಮದುವೆ ಮನೇಲಿ ಎಲ್ರೂ ಉಂಡು ಕೈ ತೊಳೆದ್ ಮ್ಯಾಲೆ ನಮ್ಗೆ ಎಲೆ ಹಾಕ್ತಾರೆ. ಹುಳ ಹಂಗಲ್ಲ, ನಾನ್ ಹಾಕಿದ್ರೇನೇ ಅದು ತಿನ್ನೋದು" ಅನ್ನೋನು. ಅಂಥವನು ಮಗಳನ್ನು ಮಾತ್ರ ಆವನಿಯ ಓಲಗದವರಿಗೇ ಕೊಟ್ಟ, ಯಾಕೆಂದರೆ ಇವರು ತೋಡಿ ರಾಗ ನುಡಿಸಿದ್ದನ್ನು ಒಂದು ಸಲ ಕೇಳಿಬಿಟ್ಟಿದ್ದ. ಕೇಳಿದವರು ಹಾಗೆ ಸೋಲುತ್ತಿದ್ದರು. ನಾನೂ ಸೋತವಳೇ, ಸುಳ್ಳು ಯಾಕೆ ಹೇಳಲಿ. ಇವರ ತಾತ, ಅಪ್ಪ, ಆಮೇಲೆ ಇವರು, ಹೀಗೆ ದೇವಸ್ಥಾನದ ಬೆಳಗಿನ ಸೇವೆ ಒಂದೇ ಮನೆಯಲ್ಲಿ ನಡೆದುಬಂದಿತ್ತು. ಡೋಲು ಬಾರಿಸುತ್ತಿದ್ದವನು ಗುರ್ರಪ್ಪ. ಮುಳಬಾಗಿಲಿನ ಆಚೆಯವನು, ಮನೆಯಲ್ಲಿ ತೆಲುಗು, ಹೊರಗೆ ಅರ್ಧ ತೆಲುಗು. ಇವರಿಬ್ಬರೂ ಮಾತಾಡುತ್ತಿದ್ದದ್ದೇ ಕಮ್ಮಿ. ಕಣ್ಣು ನೋಡಿಯೇ ಒಬ್ಬರ ಹಿಂದೆ ಒಬ್ಬರು ಹೋಗುತ್ತಿದ್ದರು.

ಸಂಕ್ರಾಂತಿಗೆ ಕಬ್ಬು ಕಚ್ಚಿದಾಗ ಇವರ ಕೆಳದವಡೆಯ ಎಡಗಡೆ ಹಲ್ಲು ಶುರುಮಾಡಿತು. ಲವಂಗ ಇಟ್ಟೆವು, ಎಕ್ಕದ ಹಾಲು ಬಿಟ್ಟೆವು, ಹೊಗೆಸೊಪ್ಪು ತುರುಕಿದೆವು. ಏನು ಮಾಡಿದರೂ ಕೆನ್ನೆ ಹಿಡಿದುಕೊಂಡು ಗೋಡೆಗೆ ಮುಖ ಹಾಕಿ ಕೂರುವುದು ತಪ್ಪಲಿಲ್ಲ. ಕೀಳಿಸಿಬಿಡಿ ಅಂತ ನಾನು ಅಂದರೆ ಗುರ್ರಪ್ಪ ಹೌಹಾರಿದ. "ಅಯ್ಯೋ ರಾಮ, ವದ್ದಮ್ಮಾ, ಬ್ಯಾಡ! ಊದೋನ್ಗೆ ಹಲ್ಲು ಕಿತ್ರೆ ಗಾಳಿ ಎಲ್ಲಿ ನಿಲ್ತದೆ? ನಮ್ ಚಿನ್ನಾನ್ನ, ಅದೇ ನಮ್ ಚಿಕ್ಕಪ್ಪ, ಹಲ್ಲು ಕೀಳಿಸ್ಕೊಂಡ ಮ್ಯಾಲೆ ರಾಗ ಎಳ್ದ್ರೆ ಬರೀ ಉಸ್ ಉಸ್ ಅಂತಿತ್ತು" ಅಂದ. ಊದುವವರಿಗೆ ತುಟಿ, ಹಲ್ಲು, ಪೀಪಿ ಮೂರೂ ಒಂದೇ ಅಂಗ. ಪೀಪಿ ಅಂದರೆ ನಾಗಸ್ವರದ ಬಾಯಿಗೆ ಸಿಕ್ಕಿಸುವ ಹುಲ್ಲಿನ ತುಂಡು. ಅದನ್ನು ಕೆಳತುಟಿಯ ಮೇಲೆ ಕೂರಿಸಿ, ಒಂದು ಕೂದಲಷ್ಟು ಒತ್ತಿದರೆ ಒಂದು ಸ್ವರ, ಬಿಟ್ಟರೆ ಇನ್ನೊಂದು. ಕೀಳಿಸುವ ಮಾತು ಅಲ್ಲಿಗೇ ನಿಂತಿತು.

ಆಗ ನಮ್ಮಪ್ಪ ಕೋಲಾರದಿಂದ ಸುದ್ದಿ ತಂದ. ಹಲ್ಲು ಕೀಳದೆ, ಬೇರಿನ ಒಳಗಿನ ಕೊಳೆತದ್ದನ್ನೆಲ್ಲ ತೆಗೆದು, ಔಷಧಿ ತುಂಬಿ ಮುಚ್ಚುವ ಡಾಕ್ಟರು ಹೊಸದಾಗಿ ಬಂದಿದ್ದಾರಂತೆ. ಇವರಿಗೆ ದೇವರೇ ಬಂದ ಹಾಗಾಯಿತು. ಸುಗಟೂರಿನಲ್ಲಿ ಉಳಿದುಕೊಂಡು ಬಸ್ಸಿನಲ್ಲಿ ಕೋಲಾರಕ್ಕೆ ಓಡಾಡಿದೆವು. ಡಾಕ್ಟರು ಇನ್ನೂ ಮೀಸೆ ಬಲಿಯದ ಹುಡುಗ, ಆದರೆ ಮಾತು ಮೆತ್ತಗೆ, ಕೈ ಶುದ್ಧ. ಬೇರೆಯವರ ಹಾಗೆ ಗದರಲಿಲ್ಲ. ಬಂದವರೆಲ್ಲ ಕೀಳಿ ಕೀಳಿ ಅನ್ನುತ್ತಾರೆ, ಉಳಿಸಿಕೊಡಿ ಅಂತ ಕೇಳಿದವರು ನೀವೇ ಮೊದಲು ಅಂತ ಸಂತೋಷಪಟ್ಟ.

ಕೊನೆಯ ದಿನ ನಾನು ಕುರ್ಚಿಯ ಪಕ್ಕದಲ್ಲೇ ನಿಂತಿದ್ದೆ. ಇಂಜೆಕ್ಷನ್ ಕೊಟ್ಟು ದವಡೆ ಮರಗಟ್ಟಿದ ಮೇಲೆ, ಗಾಜಿನ ತುಂಡಿನ ಮೇಲೆ ಒಂದು ಪುಡಿ, ಒಂದು ಎಣ್ಣೆ ಹಾಕಿ ಕಲಸಿದ. ಮೊದಲು ಲವಂಗದ ವಾಸನೆ ಬಂತು. ಅದರ ಹಿಂದೆಯೇ ಇನ್ನೊಂದು ಬಂತು.

"ಡಾಕ್ಟ್ರೇ, ಇದು ನಮ್ ಹುಳುಮನೆ ಔಷಧಿ ವಾಸ್ನೆ ಅಲ್ವಾ?" ಅಂದೆ.

ಅವನು ನಕ್ಕ. "ಮೂಗು ಚುರುಕಾಗಿದೆಯಮ್ಮ ನಿಮ್ದು! ಫಾರ್ಮಲಿನ್ ಜಾತೀದೂ ಸ್ವಲ್ಪ ಇದೆ ಇದರಲ್ಲಿ. ಬೇರೊಳಗೆ ಒಂದು ಕ್ರಿಮಿ ಕೂಡ ಉಳೀಬಾರದಲ್ವಾ. ಎಲ್ಲಾ ಕಡೆ ಇದನ್ನೇ ಹಾಕೋದು."

ನಾನು ತಲೆಯಾಡಿಸಿದೆ. ಅವನು ಗಿರ್ ಅಂತ ತಿರುಗುವ ಸಣ್ಣ ತಂತಿಯಲ್ಲಿ ಆ ಕಲಸಿದ್ದನ್ನು ಬೇರಿನೊಳಗೆ ಇಳಿಸಿದ. ಇಂಜೆಕ್ಷನ್ ಕೊಟ್ಟಿದ್ದರೂ ಇವರು ಒಂದು ಸಲ ಕಾಲು ಝಾಡಿಸಿ ಕುರ್ಚಿಯ ಕೈ ಹಿಡಿದರು. "ಆಯ್ತು, ಆಯ್ತು, ಮುಗೀತು" ಅಂದ ಡಾಕ್ಟರು. ಮೇಲೆ ಸಿಮೆಂಟು ಮೆತ್ತಿ ಹಲ್ಲು ಮುಚ್ಚಿದ.

ಮನೆಗೆ ಬಂದಾಗ ಇವರ ಕೆಳತುಟಿ ಎಡಗಡೆ ಪೂರ್ತಿ ಜೋಮು. ಇಂಜೆಕ್ಷನ್ನಿನದು, ಸಂಜೆಗೆ ಬಿಡುತ್ತೆ ಅಂತ ಡಾಕ್ಟರು ಹೇಳಿದ್ದರಿಂದ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಅಪ್ಪ ಅಳಿಯನ ಬಾಯಿಯ ಹತ್ತಿರ ಮೂಗು ತಂದು ಮೂಸಿ, ಮುಖ ಅರಳಿಸಿಕೊಂಡು, "ಫಾರ್ಮಲಿನ್! ಇನ್ ಯೋಚ್ನೆ ಬಿಡಯ್ಯಾ, ಅದ್ರ ಮುಂದೆ ಯಾವ್ ರೋಗ ನಿಲ್ತದೆ?" ಅಂದ. ಮಾರನೇ ದಿನ ಬೆಳಗ್ಗೆಯೂ ಜೋಮು ಬಿಟ್ಟಿರಲಿಲ್ಲ. ಅದರ ಮೇಲೆ ದವಡೆಯ ಒಳಗೆ ಕೆಂಡ ಇಟ್ಟ ಹಾಗೆ ಉರಿ. ನಾನು ಸೀರೆ ಬದಲಾಯಿಸಿ, ನಡೀರಿ ಡಾಕ್ಟ್ರ ಹತ್ರ ಹೋಗೋಣ ಅಂತ ಹೊರಟು ನಿಂತೆ. ಅಪ್ಪ ಬಾಗಿಲಿಗೆ ಅಡ್ಡ ಬಂದ.

"ಎಲ್ಲಿಗೆ ಹೊಂಟೆ? ಹುಳುಮನೇಗೆ ಔಷಧಿ ಹೊಡೆದು ಬಾಗ್ಲು ಹಾಕಿದ್ ಮಾರ್ನೆ ಗಳಿಗೇಲೇ ತೆಗೀತೀಯೇನೇ? ಒಳಗೆ ಅದು ಕೆಲ್ಸ ಮಾಡ್ತೈತೆ. ಉರೀಬೇಕು ಕಣೇ, ಉರಿದ್ರೇನೇ ಔಷಧಿ."

"ಮಾವ ಹೇಳೋದು ಸರೀನೇ, ರತ್ನಾ" ಅಂತ ಇವರೂ ಕುಳಿತುಬಿಟ್ಟರು. ಅಮ್ಮ, ತಮ್ಮ, ಪಕ್ಕದ ಮನೆಯವರು, ಎಲ್ಲರೂ ಅದನ್ನೇ ಅಂದರು. ಬೇರೆ ಕಸುಬಿನವರಾಗಿದ್ದರೆ ಆ ಹೊತ್ತಿಗೇ ಡಾಕ್ಟರ ಬಾಗಿಲು ಬಡಿಯುತ್ತಿದ್ದರೋ ಏನೋ. ನಮ್ಮ ಕೇರಿ ಪೂರ್ತಿ ಹುಳ ಸಾಕುವ ಕೇರಿ. ಆ ವಾಸನೆ ಇದ್ದ ಕಡೆ ಕೇಡು ಇರುವುದಿಲ್ಲ ಅಂತ ಹಾಲು ಕುಡಿದಾಗಿನಿಂದ ಕಲಿತವರು. ಆ ಬುದ್ಧಿಯೇ ನಮ್ಮನ್ನು ಕೂರಿಸಿತು. ಉರಿ ಹೆಚ್ಚಾದಷ್ಟೂ ಔಷಧಿ ಹಿಡಿಯುತ್ತಿದೆ ಅಂತ ಅಪ್ಪ ಸಮಾಧಾನ ಹೇಳುತ್ತಾ ಹೋದ.

ಮಾಘಮಾಸ ಬಂತು, ಮದುವೆಗಳು ಶುರುವಾದವು. ದವಡೆಯ ಬಾವು ಕೊಂಚ ಇಳಿದಿತ್ತು, ತುಟಿ ಮಾತ್ರ ಹಾಗೇ ಇತ್ತು. ಕುಡಿದ ನೀರು ಗಲ್ಲದ ಮೇಲೆ ಇಳಿಯುವುದು, ಇವರಿಗೆ ತಿಳಿಯುವುದೇ ಇಲ್ಲ. ಅಭ್ಯಾಸಕ್ಕೆ ಕೂತರೆ ಪೀಪಿ ತುಟಿಯ ಮೇಲಿದೆಯೋ ಜಾರಿದೆಯೋ ಗೊತ್ತಾಗದೆ ತಡಕಾಡುತ್ತಿದ್ದರು. ಮದುವೆ ಒಪ್ಪಿಕೊಂಡಾಗಿದೆ, ಹೋಗದಿದ್ದರೆ ಹೇಗೆ? ಶ್ರೀನಿವಾಸಪುರದ ಮಾವಿನ ತೋಪಿನವರ ಮನೆ ಮದುವೆ, ಊರೆಲ್ಲ ಚಪ್ಪರ. ನಾನೂ ಜೊತೆಗೆ ಹೋಗಿದ್ದೆ.

ಗಟ್ಟಿಮೇಳ ಅಂದರೆ ಗೊತ್ತಲ್ಲ. ತಾಳಿ ಕಟ್ಟುವ ಗಳಿಗೆಯಲ್ಲಿ ಒಂದು ಸೀನು, ಒಂದು ಅಪಶಬ್ದ ಯಾರ ಕಿವಿಗೂ ಬೀಳಬಾರದು ಅಂತ ಡೋಲು, ನಾಗಸ್ವರ ಒಟ್ಟಿಗೆ ಜೋರಾಗಿ ಬಾರಿಸುವುದು. ಪುರೋಹಿತರು ಕೈ ಎತ್ತಿದರೆ ಮಾತ್ರ ಅದು. ಆವತ್ತು ಮುಹೂರ್ತಕ್ಕೆ ಇನ್ನೂ ಹೊತ್ತಿತ್ತು. ಇವರು ಕಲ್ಯಾಣಿ ಶುರುಮಾಡಿದರು. ಎರಡು ಎಳೆ ಎಳೆಯುವಷ್ಟರಲ್ಲಿ ಪೀಪಿ ಜಾರಿತು. ನಾಗಸ್ವರದಿಂದ ಬಂದ ಸದ್ದನ್ನು ನಾನು ಇಲ್ಲಿ ಬರೆಯುವುದಿಲ್ಲ. ಚಪ್ಪರವೆಲ್ಲ ತಿರುಗಿ ನೋಡಿತು. ಮತ್ತೆ ತುಟಿಗಿಟ್ಟರು, ಮತ್ತೆ ಅದೇ. ಎಂಜಲು ಗಲ್ಲದಿಂದ ಶಲ್ಯದ ಮೇಲೆ ಸುರಿಯುತ್ತಿತ್ತು. ಗುರ್ರಪ್ಪ ಒಂದು ಸಲ ಇವರ ಮುಖ ನೋಡಿದ. ನೋಡಿದವನೇ ಯಾರ ಕೈಯನ್ನೂ ಕಾಯದೆ ಗಟ್ಟಿಮೇಳ ಬಾರಿಸಿಬಿಟ್ಟ.

ಆಮೇಲೆ ಆದದ್ದು ದೇವರಿಗೇ ಪ್ರೀತಿ. ಗಟ್ಟಿಮೇಳ ಕೇಳಿದ ಜನ ಅಭ್ಯಾಸಬಲದಿಂದ ಅಕ್ಷತೆ ಎರಚಿದರು. ಗಂಡು ಗಾಬರಿಯಾಗಿ ತಾಳಿ ಎತ್ತಿಕೊಂಡು ನಿಂತೇಬಿಟ್ಟ. "ಯಾರಯ್ಯಾ ಅದು ಬಾರ್ಸಿದ್ದು? ಇನ್ನೂ ಮುಹೂರ್ತಾನೇ ಬಂದಿಲ್ಲ, ನಿಲ್ಸಿ, ನಿಲ್ಸಿ!" ಅಂತ ಪುರೋಹಿತರು ಕಿರುಚುತ್ತಿದ್ದದ್ದು ಡೋಲಿನಲ್ಲಿ ಮುಳುಗಿಹೋಯಿತು. ಹೆಣ್ಣಿನ ಸೋದರತ್ತೆ ಅಪಶಕುನ ಅಂತ ಎದೆ ಬಡಿದುಕೊಂಡಳು. ಬೇರೆ ದಿನವಾಗಿದ್ದರೆ ನಾನು ಹೊಟ್ಟೆ ಹಿಡಿದು ನಗುತ್ತಿದ್ದೆ. ಆವತ್ತು ಕಂಬದ ಮರೆಯಲ್ಲಿ ನಿಂತು ಅತ್ತೆ. ವಾಪಸ್ ಬರುವಾಗ ಬಸ್ಸಿನಲ್ಲಿ ಗುರ್ರಪ್ಪ, "ನಂದೇ ತಪ್ಪು ಅಂತ ಹೇಳ್ಬಿಟ್ಟೆ ಅವ್ರಿಗೆ. ಕುಡ್ದಿದ್ದೆ ಅಂದೆ. ನುವ್ವು ಊರ್ಕೋ ಚಂಗಲ್ರಾಯಾ, ಸುಮ್ಕಿರು" ಅಂದ. ಗುರ್ರಪ್ಪ ಜನ್ಮದಲ್ಲಿ ಹೆಂಡ ಮುಟ್ಟಿದವನಲ್ಲ.

ಮಾರನೇ ಬೆಳಗ್ಗೆ ಅಪ್ಪನನ್ನೂ ಕೇಳದೆ, ಯಾರನ್ನೂ ಕೇಳದೆ ಇವರನ್ನು ಕೋಲಾರಕ್ಕೆ ಎಳೆದುಕೊಂಡು ಹೋದೆ. ಡಾಕ್ಟರು ಇವರಿಗೆ ಕಣ್ಣು ಮುಚ್ಚಲು ಹೇಳಿ ಸೂಜಿಯಲ್ಲಿ ತುಟಿ ಚುಚ್ಚಿದ. ರಕ್ತದ ಹನಿ ಬಂತು. "ಚುಚ್ಚಿ ಡಾಕ್ಟ್ರೇ, ಪರವಾಗಿಲ್ಲ, ಚುಚ್ಚಿ" ಅನ್ನುತ್ತಾ ಇವರು ಇನ್ನೂ ಕಾಯುತ್ತಿದ್ದರು. ಆ ಹುಡುಗನ ಮುಖ ಬಿಳಿಚಿಕೊಂಡಿತು. "ಜೋಮು ಬಿಡಲಿಲ್ಲ ಅಂದ ಮಾರನೇ ದಿನಾನೇ ಯಾಕೆ ಬರಲಿಲ್ಲ ನೀವು?" ಅಂದ. ನಾವು ಯಾಕೆ ಬರಲಿಲ್ಲ ಅನ್ನುವುದನ್ನು ಹೇಳಿದರೆ ಅವನಿಗೆ ಅರ್ಥವಾಗುತ್ತಿತ್ತೇ? ಆಸ್ಪತ್ರೆಗೆ ಬೀಗ ಹಾಕಿ, ನಮ್ಮ ಜೊತೆ ತಾನೇ ಬೆಂಗಳೂರಿಗೆ ಬಸ್ಸು ಹತ್ತಿದ. ಅವನನ್ನು ಬೈಯಬೇಕು ಅಂತ ಬಾಯಿ ತುಂಬ ಇಟ್ಟುಕೊಂಡಿದ್ದೆ. ದಾರಿಯುದ್ದಕ್ಕೂ ಅವನು ಉಗುರು ಕಚ್ಚುತ್ತಾ, "ಕಾಲೇಜಲ್ಲಿ ಇದನ್ನೇ ಒಳ್ಳೇದು ಅಂತ ಕಲಿಸಿದ್ರಮ್ಮ" ಅಂತ ತನಗೆ ತಾನೇ ಹೇಳಿಕೊಳ್ಳುವ ಹಾಗೆ ಹೇಳುತ್ತಿದ್ದ. ಬೈಯುವ ಮನಸ್ಸು ಬರಲಿಲ್ಲ.

ಅಲ್ಲಿ ಹಲ್ಲಿನ ದೊಡ್ಡ ಆಸ್ಪತ್ರೆಯಲ್ಲಿ ನಮ್ಮನ್ನು ನೋಡಿದ್ದು ನರೆಗೂದಲಿನ ಒಬ್ಬ ದೊಡ್ಡ ಡಾಕ್ಟರಮ್ಮ. ಇವೇ ಔಷಧಿಗಳನ್ನು ಜೀವಕೋಶಗಳ ಪಕ್ಕ ಇಟ್ಟು ಏನಾಗುತ್ತದೆ ಅಂತ ನೋಡುವುದೇ ಆಕೆಯ ಓದಂತೆ. ನಾನು ಬಾಯಿ ಬಿಟ್ಟಕೂಡಲೇ, "ಯಾವೂರಮ್ಮಾ, ಕೋಲಾರದ ಕಡೆಯಾ? ನಾನು ಮಾಲೂರು ತಾಲ್ಲೂಕು, ಲಕ್ಕೂರಿನವಳು" ಅಂದಾಗ ನನಗೆ ಅರ್ಧ ಜೀವ ಬಂತು. ದವಡೆಯ ಫೋಟೋ ತೆಗೆದು ಬೆಳಕಿಗೆ ಹಿಡಿದು ತೋರಿಸಿದರು. ಹಲ್ಲಿನ ಬೇರಿನ ಒಳಗೆ ಬೆಳ್ಳನೆಯ ಗೆರೆ. ಆ ಗೆರೆ ಬೇರಿನ ತುದಿಯಲ್ಲಿ ನಿಲ್ಲದೆ, ತೂತು ದಾಟಿ, ಮೂಳೆಯೊಳಗೆ ಎಳೆಯ ರೇಷ್ಮೆಹುಳದ ಹಾಗೆ ಸುರುಳಿಯಾಗಿ ಮಲಗಿತ್ತು.

"ನೋಡಮ್ಮ, ಬೇರಿನ ತುದೀಲಿ ಸಣ್ಣ ತೂತಿರುತ್ತೆ. ಔಷಧಿ ಅಲ್ಲಿಗೇ ನಿಲ್ಲಬೇಕಿತ್ತು, ದಾಟಿದೆ. ಲವಂಗದೆಣ್ಣೆಯ ಔಷಧಿ ಮಾತ್ರ ಆಗಿದ್ರೆ ಗಟ್ಟಿಯಾಗೋವರೆಗೆ ಕೆಣಕಿ ಆಮೇಲೆ ಸುಮ್ಮನಾಗ್ತಿತ್ತೇನೋ. ಸುಣ್ಣದ ಜಾತೀದನ್ನ ಜೀವಕೋಶಗಳು ಇನ್ನೂ ಚೆನ್ನಾಗಿ ಸಹಿಸ್ಕೊಳ್ತವೆ. ಇದು ಗಟ್ಟಿಯಾದ ಮೇಲೂ ವಿಷ ಬಿಡ್ತಾನೇ ಇರುತ್ತೆ. ಕ್ರಿಮಿ ಯಾವುದು, ನಮ್ಮ ಮೈ ಯಾವುದು ಅಂತ ಅದಕ್ಕೆ ಗೊತ್ತಿಲ್ಲ" ಅಂದರು.

"ನಮ್ಮ ಹುಳುಮನೇಗೂ ಅದನ್ನೇ ಹೊಡೆಯೋದು ಮೇಡಂ, ಹುಳಕ್ಕೇನೂ ಆಗಲ್ವಲ್ಲ?" ಅಂದೆ.

"ಹೊಡೆದ ಮೇಲೆ ಬಾಗಿಲು ತೆಗೆದು, ಗಾಳಿಯಾಡಿಸಿ, ವಾಸನೆ ಹೋದ ಮೇಲೆ ತಾನೇ ಹುಳ ಬಿಡೋದು? ಇಲ್ಲಿ ಹುಳ ಒಳಗಿದ್ದ ಹಾಗೇ ಹೊಡೆದು ಬಾಗಿಲು ಜಡಿದುಬಿಟ್ಟಿದೆ."

ಬಾಗಿಲಿಗೆ ಅಡ್ಡ ನಿಂತ ಅಪ್ಪ ನನ್ನ ಕಣ್ಣ ಮುಂದೆ ಬಂದ. ಇವರು ಮಾತ್ರ ತಣ್ಣಗೆ, "ಬಾಗ್ಲು ತೆಗೀರಿ ಹಂಗಾದ್ರೆ" ಅಂದರು.

ತೆಗೆದರು. ದವಡೆಯ ಪಕ್ಕ ಕೊಯ್ದು, ಮೂಳೆ ಕೆರೆದು, ಆ ಬಿಳಿ ಸುರುಳಿಯನ್ನೂ ಸುತ್ತಲಿನ ಕೆಟ್ಟ ಮಾಂಸವನ್ನೂ ತೆಗೆದರು. ಹೊಲಿಗೆ ಬಿಚ್ಚಿಸಲು ಹೋದಾಗ ಡಾಕ್ಟರಮ್ಮ ಇವರನ್ನು ಕರೆದು ಸೂಕ್ಷ್ಮದರ್ಶಕದಲ್ಲಿ ಕಣ್ಣಿಡಲು ಹೇಳಿದರು. ಇವರ ದವಡೆಯಿಂದಲೇ ತೆಗೆದ ಚೂರು, ಬಣ್ಣ ಹಾಕಿ ಗಾಜಿಗೆ ಅಂಟಿಸಿದ್ದರು. ನಾನೂ ನೋಡಿದೆ. ತಿಳಿಗೆಂಪು ನೆಲದ ಮೇಲೆ ರಾಗಿ ಚೆಲ್ಲಿದ ಹಾಗೆ ಕಪ್ಪು ಕಾಳು, ಕಾಲಿಡಲು ಜಾಗವಿಲ್ಲದಷ್ಟು.

"ಏನಿವೆಲ್ಲಾ?" ಅಂದರು ಇವರು.

"ಇದನ್ನೇ ಉರಿಯೂತ ಅನ್ನೋದು. ವಿಷ ಬಿದ್ದ ಕಡೆ ನಿಮ್ಮನ್ನ ಕಾಪಾಡೋಕೆ ಅಂತ ನಿಮ್ಮ ರಕ್ತದಿಂದಲೇ ಓಡಿ ಬಂದಿರೋ ಜೀವಕೋಶಗಳು. ಬಂದು ಊದಿಕೊಂಡವು. ಮೂಳೆ ಒಳಗೆ ಊದೋಕೆ ಜಾಗ ಎಲ್ಲಿದೆ? ತುಟಿಗೆ ಹೋಗೋ ನರ ಪಕ್ಕದಲ್ಲೇ ಇತ್ತು. ವಿಷಾನೂ ತಾಗಿತು, ಇವುಗಳ ಒತ್ತಡಾನೂ ತಾಗಿತು."

"ಕಾಪಾಡೋಕೆ ಬಂದು ಮನೆ ಸುಟ್ವು ಅನ್ನಿ" ಅಂತ ಇವರು ಇನ್ನೊಂದು ಸಲ ಬಗ್ಗಿ ನೋಡಿದರು. ಆಮೇಲೆ ಕೇಳಿದರು, "ಯುಗಾದಿ ಹೊತ್ಗೆ ಸರಿಹೋಗ್ತದಾ ಮೇಡಂ?"

"ನರ ಸಾಯದೇ ಇದ್ರೆ ನಿಧಾನಕ್ಕೆ ಬರುತ್ತೆ. ಸತ್ತಿದ್ರೆ ಬರಲ್ಲ. ಯಾವುದು ಅಂತ ಈಗ ನಾನೂ ಹೇಳಲಾರೆ." ನನ್ನ ಕಡೆ ತಿರುಗಿ ಹೇಳಿದರು: "ದಿನಾ ಬೆಳಗ್ಗೆ ಕಣ್ಣು ಮುಚ್ಚಿಸಿ, ಹತ್ತಿ ಎಳೆಯಿಂದ ತುಟಿ ಮುಟ್ಟಿ, ಎಲ್ಲಿ ಅಂತ ಕೇಳಿ. ಹೇಳಿದ್ರೆ ನರ ಬದುಕಿದೆ ಅಂತ."

ಯುಗಾದಿ ಯಾಕೆ ಅಂದರೆ, ಶ್ರೀನಿವಾಸಪುರದ ಸುದ್ದಿ ನಮಗಿಂತ ಮುಂಚೆ ಆವನಿ ಮುಟ್ಟಿತ್ತು. ಮದುವೆಯವರು ಒಬ್ಬೊಬ್ಬರಾಗಿ ಬೇರೆ ಓಲಗ ನೋಡಿಕೊಂಡರು. ಬೆಳಗಿನ ಸೇವೆಗೆ ಬರೀ ಡೋಲು ಬಾರಿಸಿ ಗುರ್ರಪ್ಪ ಹೇಗೋ ತೂಗಿಸುತ್ತಿದ್ದ. ದೇವಸ್ಥಾನದ ಧರ್ಮದರ್ಶಿಗಳು ಕೆಟ್ಟವರಲ್ಲ. ಮನೆಗೇ ಬಂದು, ಜಗಲಿಯ ಮೇಲೆ ಕೂತು, "ನೋಡು ಚಂಗಲರಾಯಪ್ಪ, ಹೊಸ ವರ್ಷದ ಮೊದಲ್ನೇ ಓಲಗ ಮೂಕಾಗಬಾರ್ದು. ಯುಗಾದಿ ಬೆಳಗ್ಗೆ ನೀನು ಊದಿದ್ರೆ ಸೇವೆ ನಿನ್ನದೇ. ಆಗದಿದ್ರೆ ಬೇರೆಯವರಿಗೆ ಹೇಳ್ಬೇಕಾಗ್ತದೆ, ನಿಷ್ಠುರ ಮಾಡ್ಕೋಬೇಡ" ಅಂದರು. ಇವರು ಆಗಲಿ ಅಂದರು. ಬೇರೆ ಏನು ಅನ್ನುವುದಕ್ಕಿತ್ತು?

ಆ ಫಾಲ್ಗುಣದ ಬೆಳಗುಗಳು ಒಂದೊಂದೂ ನನಗೆ ಈಗಲೂ ನೆನಪಿವೆ. ಕೋಳಿ ಕೂಗುವ ಮುಂಚೆಯೇ ಇವರು ಎದ್ದು ಜಗಲಿಯ ಮೇಲೆ ಕಣ್ಣು ಮುಚ್ಚಿ ಕೂರುವರು. ನಾನು ಹತ್ತಿ ಎಳೆ ಹಿಡಿದು ಎದುರಿಗೆ ಕೂರುವುದು. ಬಲಗಡೆ ಮುಟ್ಟಿದರೆ ತಟ್ಟನೆ ಹೇಳುವರು. ಎಡಗಡೆ ಮುಟ್ಟಿದರೆ ಸುಮ್ಮನೆ ಕಾಯುತ್ತಾ ಕೂರುವರು. "ಮುಟ್ಟು ಮತ್ತೆ" ಅನ್ನುವರು. "ಮುಟ್ಟಿದೀನಿ" ಅಂತ ನಾನು ಎಷ್ಟು ಸಲ ತಾನೇ ಹೇಳಲಿ? ಆ ಮೇಲೆ ನಾಗಸ್ವರವನ್ನೂ ನನ್ನ ಕನ್ನಡಿಯನ್ನೂ ಟವೆಲಲ್ಲಿ ಸುತ್ತಿಕೊಂಡು ಬೆಟ್ಟ ಹತ್ತುವರು. ಬಂಡೆಗಳ ಮರೆಯಲ್ಲಿ ಕೂತು, ಕನ್ನಡಿ ನೋಡಿಕೊಂಡು ಪೀಪಿ ಎಲ್ಲಿದೆ ಅಂತ ಕಣ್ಣಿನಿಂದಲೇ ಕಲಿಯುವುದು. ತುಟಿ ಮಾಡುವ ಕೆಲಸ ಕಣ್ಣು ಮಾಡುತ್ತದೆಯೇ? ಇಳಿದು ಬಂದಾಗ ಕೆಳತುಟಿಯ ಮೇಲೆ ತಾವೇ ಕಚ್ಚಿಕೊಂಡ ಗಾಯ. ಒಂದು ದಿನ ಕುದಿಯುವ ಕಾಫಿ ಬಾಯಿಗಿಟ್ಟು, ತುಟಿಯ ಮೇಲೆ ಗುಳ್ಳೆ ಎದ್ದರೂ ತಿಳಿಯದೆ, ಬಲಗಡೆ ನಾಲಿಗೆ ಸುಟ್ಟಾಗಲೇ ಲೋಟ ಬಿಸಾಡಿದರು. ಲೋಟ ಗೋಡೆಗೆ ಹೊಡೆದು ನನ್ನ ಕಾಲಿನ ಹತ್ತಿರ ಬಂದು ಬಿತ್ತು.

ನನಗೂ ತಲೆ ಕೆಟ್ಟುಹೋಗಿತ್ತು. ಆವನಿಯಲ್ಲಿರುವ ಅಷ್ಟೂ ಗುಡಿಗಳಿಗೆ ಹರಕೆ ಹೊತ್ತೆ. ಸುಗಟೂರಿನಿಂದ ಅಪ್ಪ ಬಂದಾಗ ಬಾಗಿಲಲ್ಲೇ ನಿಲ್ಲಿಸಿ, "ಬಾಗ್ಲು ತೆಗೀಬೇಡಿ ಅಂದ್ಯಲ್ಲ, ಬಾ, ನೋಡು ಬಾ ನಿನ್ನ ಔಷಧಿ ಕೆಲ್ಸಾನ" ಅಂತ ಬೀದಿಗೆ ಕೇಳುವ ಹಾಗೆ ಅರಚಿದೆ. ಅಪ್ಪ ತಲೆ ಬಗ್ಗಿಸಿ ನಿಂತಿದ್ದ. ಹುಳ ಸಾಕಿ ಬಾಳು ಕಟ್ಟಿಕೊಂಡ ಮನುಷ್ಯ, ಯಾರ ಮುಂದೆಯೂ ತಲೆ ಬಗ್ಗಿಸಿದ್ದನ್ನು ನಾನು ನೋಡಿರಲಿಲ್ಲ. ಇವರೇ ಎದ್ದು ಬಂದು ಅವನನ್ನು ಒಳಗೆ ಕರೆದುಕೊಂಡು ಹೋಗಿ ನೀರು ಕೊಟ್ಟರು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಯುಗಾದಿಗೆ ವಾರ ಇರುವಾಗ ಇವರು ಎಡಗಡೆ ಮುಟ್ಟಿದ್ದನ್ನೂ ಹೇಳತೊಡಗಿದರು. "ಹೂಂ, ಮುಟ್ಟಿದೆ. ಕೊನೇಲಿ." ಮೊದಲ ಸಲ ಕೇಳಿದಾಗ ಹತ್ತಿ ಬಿಸಾಡಿ ದೇವರ ಮುಂದೆ ಬಿದ್ದು ಅತ್ತೆ. ಗುರ್ರಪ್ಪನಿಗೆ ಹೇಳಿಕಳಿಸಿದೆ, ಅವನು ಬಾಳೆಹಣ್ಣಿನ ಗೊನೆ ತಂದು ಬೀದಿಗೆಲ್ಲ ಹಂಚಿದ. ಆದರೆ ದಿನ ಕಳೆದ ಹಾಗೆ ನನಗೆ ಒಳಗೊಳಗೇ ಒಂದು ಅಳುಕು. ಕುಡಿದ ನೀರು ಇನ್ನೂ ಗಲ್ಲದ ಮೇಲೆಯೇ ಇಳಿಯುತ್ತಿತ್ತು. ಮುಟ್ಟುವಾಗ ನನ್ನ ಬಳೆ ಸದ್ದಾಗುತ್ತಿತ್ತು, ನನ್ನ ಉಸಿರು ಇವರ ಮುಖಕ್ಕೆ ತಾಗುತ್ತಿತ್ತು. ಆಮೇಲೆ ಎಡಗಡೆಯೇ ಕೊನೆಗೆ ಮುಟ್ಟುವುದು ಅಂತ ಇವರಿಗೆ ಬಾಯಿಪಾಠವಾಗಿತ್ತು.

ಯುಗಾದಿಯ ಹಿಂದಿನ ಬೆಳಗ್ಗೆ ಬಲಗಡೆ ಎಲ್ಲ ಮುಟ್ಟಿ ಆದ ಮೇಲೆ, ಕೈ ಮುಂದೆ ತಂದು, ಬಳೆ ಸದ್ದು ಮಾಡಿ, ತುಟಿಯವರೆಗೆ ಹೋಗಿ ಹಾಗೇ ಗಾಳಿಯಲ್ಲಿ ನಿಲ್ಲಿಸಿದೆ.

"ಗೊತ್ತಾಯ್ತಾ?"

"ಹೂಂ. ಗೊತ್ತಾಯ್ತು ಕಣೇ. ಎಡಗಡೆ, ಮಧ್ಯದಲ್ಲಿ. ಇವತ್ತು ಚೆನ್ನಾಗಿ ಗೊತ್ತಾಯ್ತು."

ಹತ್ತಿ ಎಳೆಯನ್ನು ಮಡಿಲಲ್ಲಿಟ್ಟೆ. ಆಮೇಲೆ ತಡೆಯಲಾರದೆ ಹೇಳಿಬಿಟ್ಟೆ. "ನಾನ್ ಮುಟ್ಲೇ ಇಲ್ಲ ಕಣ್ರೀ."

ಇವರು ಕಣ್ಣು ತೆರೆಯಲಿಲ್ಲ. ಹಾಗೇ ಕೂತು, "ನಾಳೆ ಊದ್ತೀನಿ. ನೀನ್ ಬರ್ಬೇಕು" ಅಂದರು. "ಬೇಡ ಅಂತ ಹೇಳಿಕಳ್ಸೋಣ, ಯಾಕ್ ಬೇಕು ಆ ಅವಮಾನ" ಅಂದೆ. "ನಮ್ಮಪ್ಪ ಊದಿದ್ ಜಾಗ ರತ್ನಾ. ಹೋಗ್ದೇನೆ ಬಿಡೋದು ಹೆಂಗೆ? ಹೋಗಿ ಬಿಡ್ತೀನಿ" ಅಂದರು.

ಯುಗಾದಿ ಬೆಳಗ್ಗೆ ಎಣ್ಣೆನೀರು ಹಾಕಿಕೊಂಡು, ಹೊಸ ಪಂಚೆ ಉಟ್ಟು ಹೊರಟರು. ದೇವಸ್ಥಾನದ ಕಂಬಸಾಲೆ ಜನದಿಂದ ತುಂಬಿತ್ತು. ಪಂಚಾಂಗ ಕೇಳಲು ಬಂದವರು, ಎಲ್ಲರ ಕೈಯಲ್ಲೂ ಅಕ್ಷತೆ. ಬೇರೂರಿನಿಂದ ಬಂದ ಇನ್ನೊಬ್ಬ ಓಲಗದವನು ತನ್ನ ನಾಗಸ್ವರವನ್ನು ಚೀಲದಿಂದ ತೆಗೆಯದೆ ಕಂಬಕ್ಕೆ ಒರಗಿ ಕೂತಿದ್ದ. ಇವರು ತಮ್ಮ ಜಾಗದಲ್ಲಿ ನಿಂತು, ಬೆರಳಿನಿಂದ ಪೀಪಿ ಎಲ್ಲಿದೆ ಅಂತ ಮುಟ್ಟಿ ನೋಡಿಕೊಂಡು, ಬೆಳಗಿನ ರಾಗ ಬೌಳಿ ಹಿಡಿದರು. ಮೊದಲ ಎಳೆ ಅಲುಗದೆ ನಿಂತಿತು. ಎರಡನೆಯದೂ ನಿಂತಿತು. ಅಯ್ಯೋ, ಅದೆಂಥ ಬೌಳಿ! ನನ್ನ ಪಕ್ಕದ ಅಜ್ಜಿ ಕಣ್ಣು ಮುಚ್ಚಿ ಕೈ ಮುಗಿದಳು. ಮೂರನೆಯದಕ್ಕೆ ಮೇಲೆ ಹೋಗುವಾಗ ಪೀಪಿ ಜಾರಿ, ಶ್ರೀನಿವಾಸಪುರದ ಅದೇ ಸದ್ದು ಬಂತು.

ಎರಡನೇ ಸಲ ಆ ಸದ್ದು ಬರುವುದಕ್ಕೆ ಗುರ್ರಪ್ಪ ಬಿಡಲಿಲ್ಲ. ಗಟ್ಟಿಮೇಳ ಬಾರಿಸಿದ. ಹೆಣ್ಣಿಲ್ಲ, ಗಂಡಿಲ್ಲ, ತಾಳಿಯಿಲ್ಲ, ಯುಗಾದಿ ಬೆಳಗಿನಲ್ಲಿ ಈಶ್ವರನ ಮುಂದೆ ಗಟ್ಟಿಮೇಳ. ಜನ ಮುಖ ಮುಖ ನೋಡಿಕೊಂಡರು. ನನ್ನ ಪಕ್ಕದ ಅಜ್ಜಿ ಅಭ್ಯಾಸಬಲದಿಂದ ಕೈಯಲ್ಲಿದ್ದ ಅಕ್ಷತೆ ಎರಚಿದಳು. ಅವಳನ್ನು ನೋಡಿ ಉಳಿದವರೂ ಎರಚಿದರು. ಯಾರೂ ನಿಲ್ಲಿಸಿ ಅನ್ನಲಿಲ್ಲ, ಧರ್ಮದರ್ಶಿಗಳೂ ಅನ್ನಲಿಲ್ಲ. ಇವರು ಆ ಅಕ್ಕಿಯ ಕೆಳಗೆ ನಿಂತು ನಾಗಸ್ವರ ಒರೆಸಿದರು, ಪೀಪಿ ಬಿಚ್ಚಿದರು, ಬಟ್ಟೆ ಸುತ್ತಿದರು, ದೇವರಿಗೆ ಅಡ್ಡಬಿದ್ದರು, ಬಾಗಿಲು ದಾಟಿದರು. ಅಷ್ಟು ಹೊತ್ತೂ ಗುರ್ರಪ್ಪ ಬಾರಿಸುತ್ತಲೇ ಇದ್ದ. ಕಣ್ಣಿನಿಂದ ನೀರು ಸುರಿದು ಡೋಲಿನ ಮೇಲೆ ಬೀಳುತ್ತಿತ್ತು. ನಾವು ಬೀದಿ ತಿರುಗುವವರೆಗೂ ಅದು ಕೇಳಿಸುತ್ತಿತ್ತು.

ಮನೆಗೆ ಬಂದು ಇವರು ಜಗಲಿಯ ಮೇಲೆ ಕೂತರು. ಹಬ್ಬದ ದಿನ ಬಾಯಿಗೆ ಬೇವುಬೆಲ್ಲ ಹಾಕದೆ ಇರಬಾರದು ಅಂತ ನಾನು ತಟ್ಟೆಯಲ್ಲಿ ತಂದುಕೊಟ್ಟೆ. ಬಾಯಿಗೆ ಹಾಕಿಕೊಂಡು ಅಗಿಯುತ್ತಾ, "ಸುಗಟೂರಿಗೆ ಹೋಗೋಣ. ಮಾವಂಗೆ ವಯಸ್ಸಾಯ್ತು, ಹುಳದ ಕೆಲ್ಸಕ್ಕೆ ಜನ ಬೇಕು" ಅಂದರು. ನಾನು ಆಯ್ತು ಅಂದೆ. ಕೆಳತುಟಿಯ ಎಡಗಡೆ ಬೆಲ್ಲ ಕರಗಿ ಇಳಿಯುತ್ತಿತ್ತು, ಒಂದು ಬೇವಿನ ಹೂವು ಅಂಟಿಕೊಂಡಿತ್ತು. ಪಕ್ಕದಲ್ಲಿ ಕೂತು ಬೆರಳಿನಿಂದ ಅದನ್ನು ತೆಗೆದೆ. ಬೆಲ್ಲ ಒರೆಸಿದೆ. ಒರೆಸಿದ ಮೇಲೂ ಬೆರಳು ಅಲ್ಲೇ ಇಟ್ಟುಕೊಂಡು ಕೂತಿದ್ದೆ. ಇವರು ಬೀದಿಯ ಕಡೆ ನೋಡುತ್ತಲೇ ಇದ್ದರು.